ನಿಯಮ ಮೊದಲೋ, ಕೃಪೆ ಮೊದಲೋ: ಕ್ರೈಸ್ತ ಸ್ವಾತಂತ್ರ್ಯದ ಅರ್ಥ

ಕ್ರೈಸ್ತ ಸಭೆಯ ಮೊದಲ ತಲೆಮಾರಿನಲ್ಲೇ, ಸಿರಿಯದ ಅಂತಿಯೋಕ್ಯದಲ್ಲಿ, ಊಟದ ವಿಷಯಕ್ಕಾಗಿ ಪೇತ್ರ ಮತ್ತು ಪೌಲ ಎಂಬ ಇಬ್ಬರು ಅಪೊಸ್ತಲರು, ಅಂದರೆ ಕ್ರಿಸ್ತನ ಸಂದೇಶ ಸಾರಲು ಕಳುಹಿಸಲ್ಪಟ್ಟವರು, ಎಲ್ಲರ ಮುಂದೆಯೇ ಎದುರುಬದುರಾದರು. ಪೇತ್ರನು ಆ ಊರಿಗೆ ಬಂದಿದ್ದಾಗ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕುಳಿತು ಊಟಮಾಡುತ್ತಿದ್ದನು; ಆಚಾರನಿಷ್ಠರಾದ ಅನೇಕ ಯೆಹೂದ್ಯರು ಒಪ್ಪದಿದ್ದ ಸಂಗತಿ ಅದು. ಯೆರೂಸಲೇಮಿನಿಂದ, ಅಲ್ಲಿನ ಸಭೆಯ ನಾಯಕನಾದ ಯಾಕೋಬನ ಕಡೆಯಿಂದ, ಕೆಲವರು ಬಂದ ಮೇಲೆ ಅವನು ಮೆಲ್ಲಗೆ ಹಿಂದೆ ಸರಿದು ಬೇರೆಯಾಗಿ ಕುಳಿತುಕೊಳ್ಳತೊಡಗಿದನು. ಅವನನ್ನು ನೋಡಿ ಉಳಿದ ಯೆಹೂದ್ಯ ವಿಶ್ವಾಸಿಗಳೂ ಹಾಗೆಯೇ ಮಾಡಿದರು. ಕೊನೆಗೆ ಪೌಲನ ಜೊತೆ ದೇಶದೇಶ ತಿರುಗಿ ಸುವಾರ್ತೆ ಸಾರಿದ್ದ ಬಾರ್ನಬನೂ ಅವರ ಪಾಲಾದನು. ಪೌಲನು ಇದನ್ನು ಸುಮ್ಮನೆ ನೋಡಿಕೊಂಡಿರಲಿಲ್ಲ. ಪೇತ್ರನು ತಪ್ಪಿತಸ್ಥನೆಂದು ಮುಖದ ಮೇಲೆಯೇ ಹೇಳಿದನು, ಮತ್ತು ಆ ಸಂಗತಿಯನ್ನು ಗಲಾತ್ಯದ ಸಭೆಗಳಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ದಾಖಲಿಸಿಟ್ಟನು.

ಗಮನಿಸಬೇಕಾದ ಸಂಗತಿ ಏನೆಂದರೆ, ಪೇತ್ರನು ಅಂದು ಯಾವ ತಪ್ಪು ಬೋಧನೆಯನ್ನೂ ಮಾಡಿರಲಿಲ್ಲ. ಅವನು ಕ್ರಿಸ್ತನನ್ನು ಅಲ್ಲಗಳೆಯಲಿಲ್ಲ, ಯಾರನ್ನೂ ಬೈಯಲಿಲ್ಲ, ಯಾರಿಗೂ ಸುನ್ನತಿ ಮಾಡಿಸಿಕೊಳ್ಳಿರೆಂದು ಹೇಳಲಿಲ್ಲ. ಕುಳಿತ ಜಾಗವನ್ನು ಬದಲಾಯಿಸಿದನು, ಅಷ್ಟೆ. ಆದರೂ ಪೌಲನ ಕಣ್ಣಿಗೆ ಆ ಒಂದು ಚಲನೆಯಲ್ಲಿ ಸುವಾರ್ತೆಯೇ ತಲೆಕೆಳಗಾಗಿ ಕಂಡಿತು. ಏಕೆಂದರೆ ಆ ಎದ್ದುಹೋಗುವಿಕೆ ಅಲ್ಲಿ ಉಳಿದವರಿಗೆ ಒಂದು ಮಾತನ್ನು ಹೇಳುತ್ತಿತ್ತು: ಕ್ರಿಸ್ತನನ್ನು ನಂಬಿರುವುದು ಒಳ್ಳೆಯದೇ, ಆದರೆ ನಮ್ಮ ಜೊತೆ ಕುಳಿತು ಉಣ್ಣಲು ಅದು ಸಾಲದು. ಕೃಪೆಯಿಂದ ಬರುವ ಸ್ವಾತಂತ್ರ್ಯವೆಂದು ಕ್ರೈಸ್ತರು ಕರೆಯುವ ವಿಷಯವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಾಣುವುದಿಲ್ಲ. ಇಡೀ ಪ್ರಶ್ನೆ ಆ ‘ಸಾಲದು’ ಎಂಬ ಪದದಲ್ಲಿದೆ.

ಗಲಾತ್ಯದ ಸಭೆಗಳಲ್ಲಿ ಆದದ್ದೂ ಅದೇ. ಆ ಸಭೆಗಳು ಇಂದಿನ ಟರ್ಕಿಯ ನಡುಭಾಗದಲ್ಲಿದ್ದವು, ಪತ್ರಿಕೆಯು ಕ್ರಿ.ಶ. 50ರ ಆಸುಪಾಸಿನದು. ಪೌಲನು ಹೊರಟುಹೋದ ಮೇಲೆ ಅಲ್ಲಿಗೆ ಬಂದ ಬೋಧಕರು ಯೇಸುವನ್ನು ಬಿಟ್ಟುಬಿಡಿರೆಂದು ಹೇಳಲಿಲ್ಲ. ಯೇಸುವನ್ನು ನಂಬಿದ್ದೀರಿ, ಸಂತೋಷ. ಇನ್ನು ಸುನ್ನತಿಯನ್ನೂ ಮಾಡಿಸಿಕೊಂಡು, ಮೋಶೆಯ ಧರ್ಮಶಾಸ್ತ್ರದಲ್ಲಿ ಹೇಳಿದ ದಿನಗಳನ್ನೂ ತಿಂಗಳುಗಳನ್ನೂ ಆಚರಿಸಿದರೆ ನಿಮ್ಮ ಸ್ಥಾನ ಪೂರ್ಣವಾಗುತ್ತದೆ ಎಂಬುದು ಅವರ ಮಾತಿನ ತಿರುಳಾಗಿತ್ತು. ಅದು ಕೇಳಲು ಎಷ್ಟು ಸಮಂಜಸವಾಗಿದೆ ಎಂಬುದನ್ನು ನಾವು ಮರೆಯಬಾರದು. ಸುನ್ನತಿಯ ಆಜ್ಞೆ ಶಾಸ್ತ್ರದಲ್ಲಿ ಬರೆದಿತ್ತು, ಅದನ್ನು ಕೊಟ್ಟವರು ದೇವರೇ, ಯೇಸುವಿಗೂ ಎಂಟನೆಯ ದಿನ ಸುನ್ನತಿಯಾಗಿತ್ತು. ಹೊಸದಾಗಿ ನಂಬಿದ ಒಬ್ಬ ಪ್ರಾಮಾಣಿಕ ಮನುಷ್ಯನು, ಹೆಚ್ಚು ಮಾಡಿದರೆ ನಷ್ಟವೇನು ಎಂದು ಯೋಚಿಸಿದರೆ ಆಶ್ಚರ್ಯವಿಲ್ಲ. ಪೌಲನ ಉತ್ತರ ಮಾತ್ರ ಕಟುವಾಗಿದೆ. ತನ್ನ ಬೇರೆ ಪತ್ರಿಕೆಗಳಲ್ಲಿ ವಂದನೆಯಾದ ಕೂಡಲೇ ಅವನು ಸಾಮಾನ್ಯವಾಗಿ ಓದುಗರಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತಾನೆ, ಗಲಿಬಿಲಿಯಲ್ಲಿ ಮುಳುಗಿದ್ದ ಕೊರಿಂಥದವರಿಗೂ ಹಾಗೆಯೇ ಬರೆದಿದ್ದಾನೆ. ಗಲಾತ್ಯದವರಿಗೆ ಬರೆಯುವಾಗ ಆ ಸ್ತೋತ್ರವನ್ನು ಬಿಟ್ಟು, ನೀವು ಇಷ್ಟು ಬೇಗ ಬೇರೊಂದು ಸುವಾರ್ತೆಗೆ ತಿರುಗಿಕೊಂಡಿರಲ್ಲಾ ಎಂದು ನೇರವಾಗಿ ವಿಷಯಕ್ಕೆ ಇಳಿಯುತ್ತಾನೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ದೂರಮಾಡಬೇಕು. ನಿಯಮಗಳಿರುವುದೇ ನಿಯಮವಾದವಲ್ಲ. ಹೊತ್ತಿಗೆ ಸರಿಯಾಗಿ ಪ್ರಾರ್ಥಿಸುವವನು, ಉಪವಾಸ ಮಾಡುವವನು, ತನ್ನ ಆದಾಯದ ಹತ್ತರಲ್ಲೊಂದು ಪಾಲನ್ನು ತಪ್ಪದೆ ಕೊಡುವವನು, ಇಷ್ಟರಿಂದಲೇ ನಿಯಮದ ದಾಸನಾಗಿಬಿಡುವುದಿಲ್ಲ. ನಿಯಮವಾದವೆಂದರೆ ಕ್ರಮವನ್ನು ತಿರುಗಿಸುವುದು. ದೇವರು ನನ್ನನ್ನು ಅಂಗೀಕರಿಸಿದ್ದಾರೆ, ಆದ್ದರಿಂದ ನಾನು ವಿಧೇಯನಾಗುತ್ತೇನೆ ಎಂಬುದು ಸುವಾರ್ತೆಯ ಕ್ರಮ. ನಾನು ವಿಧೇಯನಾದರೆ ದೇವರು ನನ್ನನ್ನು ಅಂಗೀಕರಿಸುವರು ಎಂಬುದು ಅದರ ತಿರುವುಮುರುವು. ಎರಡರಲ್ಲೂ ಅವೇ ಪದಗಳಿವೆ. ಇಬ್ಬರು ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಪ್ರಾರ್ಥನೆಯನ್ನು, ಒಂದೇ ಧ್ವನಿಯಲ್ಲಿ ಹೇಳುತ್ತಿರಬಹುದು. ಒಬ್ಬನು ಮಗನಾಗಿ ತಂದೆಯೊಡನೆ ಮಾತಾಡುತ್ತಿರುತ್ತಾನೆ, ಇನ್ನೊಬ್ಬನು ಸಾಲದ ಕಂತು ಕಟ್ಟುತ್ತಿರುತ್ತಾನೆ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಈ ಕ್ರಮವು ಹೊಸ ಒಡಂಬಡಿಕೆಯಲ್ಲಿ ಮೊದಲ ಬಾರಿಗೆ ಹುಟ್ಟಿದ್ದೆಂದು ತಿಳಿಯುವುದೂ ಸರಿಯಲ್ಲ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಹತ್ತು ಆಜ್ಞೆಗಳು ಆರಂಭವಾಗುವ ರೀತಿಯನ್ನು ನೋಡಿರಿ. ಮೊದಲ ವಾಕ್ಯ ಆಜ್ಞೆಯಲ್ಲ. ಐಗುಪ್ತದ ದಾಸತ್ವದಿಂದ ನಿನ್ನನ್ನು ಹೊರಗೆ ಕರೆತಂದ ನಿನ್ನ ದೇವರು ನಾನೇ ಎಂಬ ಘೋಷಣೆ. ಬಿಡುಗಡೆ ಮುಗಿದುಹೋಗಿದೆ, ಕೆಂಪು ಸಮುದ್ರವನ್ನು ದಾಟಿಯಾಗಿದೆ, ಅನಂತರವೇ ಆಜ್ಞೆಗಳು ಬರುತ್ತವೆ. ಇವುಗಳನ್ನು ಕೈಕೊಂಡರೆ ಐಗುಪ್ತದಿಂದ ಬಿಡಿಸುತ್ತೇನೆ ಎಂದು ದೇವರು ಹೇಳಿರಲಿಲ್ಲ. ಆದ್ದರಿಂದ ಯೆಹೂದ್ಯ ಧರ್ಮವೆಂದರೆ ಕರ್ಮದ ಲೆಕ್ಕಾಚಾರ, ಕ್ರೈಸ್ತ ಧರ್ಮವೆಂದರೆ ಕೃಪೆ ಎಂದು ಎರಡು ಗೆರೆ ಎಳೆದು ಮುಗಿಸುವ ಅಭ್ಯಾಸವನ್ನು ನಾವು ಬಿಡಬೇಕು. ಕಳೆದ ಐವತ್ತು ವರ್ಷಗಳ ಅಧ್ಯಯನವೂ, ವಿಶೇಷವಾಗಿ 1977ರಲ್ಲಿ ಹೊಸ ಒಡಂಬಡಿಕೆಯ ವಿದ್ವಾಂಸ ಇ. ಪಿ. ಸ್ಯಾಂಡರ್ಸ್ ಮುಂದಿಟ್ಟ ವಾದವೂ, ಪೌಲನ ಕಾಲದ ಯೆಹೂದ್ಯರಿಗೆ ದೇವರ ಆಯ್ಕೆಯೇ ಮೊದಲು, ಧರ್ಮಶಾಸ್ತ್ರದ ಪಾಲನೆಯು ಅದಕ್ಕೆ ಉತ್ತರವಾಗಿ ಬರುವಂಥದ್ದಾಗಿತ್ತು ಎಂಬುದನ್ನು ನೆನಪಿಸಿವೆ. ಕ್ರಮವನ್ನು ತಿರುಗಿಸುವ ರೋಗ ಒಂದು ಜನಾಂಗದ್ದಲ್ಲ, ಮನುಷ್ಯನ ಹೃದಯದ್ದು. ಗಲಾತ್ಯದಲ್ಲಿ ಅದು ಹಿಡಿದದ್ದು ಕ್ರೈಸ್ತ ಸಭೆಯನ್ನೇ.

ಪೌಲನು ತನ್ನ ವಾದಕ್ಕೆ ಆಧಾರವಾಗಿ ಹಿಡಿಯುವುದು ಅಬ್ರಹಾಮನನ್ನು. ಇದು ಎದುರಾಳಿಗಳ ಕೈಯಲ್ಲಿದ್ದ ಅಸ್ತ್ರವನ್ನೇ ಕಿತ್ತುಕೊಂಡಂತೆ, ಏಕೆಂದರೆ ಸುನ್ನತಿಯ ಒಡಂಬಡಿಕೆಯು ಅಬ್ರಹಾಮನಿಂದಲೇ ಆರಂಭವಾಯಿತು. ಆದರೆ ಆದಿಕಾಂಡವನ್ನು ಪುಟದಿಂದ ಪುಟಕ್ಕೆ ಓದಿರೆಂದು ಪೌಲನು ಹೇಳುತ್ತಾನೆ. 15ನೆಯ ಅಧ್ಯಾಯದಲ್ಲಿ ದೇವರು ಅಬ್ರಾಮನನ್ನು (ಅಬ್ರಹಾಮನ ಮೊದಲಿನ ಹೆಸರು) ಹೊರಗೆ ಕರೆದು, ಆಕಾಶದ ನಕ್ಷತ್ರಗಳನ್ನು ತೋರಿಸಿ, ನಿನ್ನ ಸಂತಾನವೂ ಹೀಗೆಯೇ ಆಗುವುದೆಂದು ವಾಗ್ದಾನ ಮಾಡುತ್ತಾರೆ, ಅವನು ನಂಬುತ್ತಾನೆ, ಆ ನಂಬಿಕೆಯು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಡುತ್ತದೆ. ಸುನ್ನತಿಯ ಮಾತು ಬರುವುದು 17ನೆಯ ಅಧ್ಯಾಯದಲ್ಲಿ, ಅವನಿಗೆ 99 ವರ್ಷವಾದಾಗ. ನಡುವೆ, 16ನೆಯ ಅಧ್ಯಾಯದಲ್ಲಿ, ಅವನ 86ನೆಯ ವಯಸ್ಸಿನಲ್ಲಿ ಇಷ್ಮಾಯೇಲನು ಹುಟ್ಟಿದ್ದಾನೆ. ಅಂದರೆ ದೇವರ ದೃಷ್ಟಿಯಲ್ಲಿ ನೀತಿವಂತನೆಂದು ಎನಿಸಿಕೊಂಡು ಕನಿಷ್ಠ 13 ವರ್ಷ ಕಳೆದ ಮೇಲೆ ಅಬ್ರಹಾಮನಿಗೆ ಸುನ್ನತಿಯಾಯಿತು. ಅಷ್ಟು ಕಾಲ ಅವನ ಸ್ಥಾನ ಅಪೂರ್ಣವಾಗಿತ್ತೇ? ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಇದನ್ನೇ ಬಿಡಿಸಿ ಕೇಳುತ್ತಾನೆ: ನಂಬಿಕೆ ನೀತಿಯೆಂದು ಎಣಿಕೆಯಾದದ್ದು ಸುನ್ನತಿಗೆ ಮೊದಲೋ, ಆಮೇಲೋ? ಮೊದಲೇ. ಹಾಗಾದರೆ ಸುನ್ನತಿಯು ಮುದ್ರೆಯಾಗಿತ್ತೇ ಹೊರತು ಬೆಲೆಯಾಗಿರಲಿಲ್ಲ. ಇನ್ನು ಸೀನಾಯಿ ಬೆಟ್ಟದ ಧರ್ಮಶಾಸ್ತ್ರವಂತೂ ವಾಗ್ದಾನವಾಗಿ 430 ವರ್ಷಗಳ ಮೇಲೆ ಬಂದದ್ದು. ಮೊದಲೇ ಸ್ಥಿರಪಡಿಸಿದ ಒಡಂಬಡಿಕೆಯನ್ನು ಆಮೇಲೆ ಬಂದದ್ದು ರದ್ದುಮಾಡಲಾರದು ಎಂದು ಅವನು ಗಲಾತ್ಯದವರಿಗೆ ಬರೆಯುತ್ತಾನೆ. ದೇವತಾಶಾಸ್ತ್ರದ ಗಹನವಾದ ಮಾತು ಇಲ್ಲಿ ದಿನಾಂಕಗಳ ಸರಳ ಹೋಲಿಕೆಯ ಮೇಲೆ ನಿಂತಿರುವುದು ನನಗೆ ಪ್ರತಿ ಬಾರಿ ಓದುವಾಗಲೂ ಬೆರಗು ತರುತ್ತದೆ.

ಹಾಗಿದ್ದರೆ ಧರ್ಮಶಾಸ್ತ್ರವಾದರೂ ಏತಕ್ಕೆ? ಈ ಪ್ರಶ್ನೆಯನ್ನು ಪೌಲನೇ ಎತ್ತಿಕೊಂಡು, ಆ ಕಾಲದ ಎಲ್ಲರಿಗೂ ಪರಿಚಿತವಾಗಿದ್ದ ಒಬ್ಬ ವ್ಯಕ್ತಿಯನ್ನು ಉದಾಹರಣೆಯಾಗಿ ಕೊಡುತ್ತಾನೆ. ಗ್ರೀಕ್ ಭಾಷೆಯಲ್ಲಿ ಅವನ ಹೆಸರು ‘ಪೈದಗೋಗೋಸ್’. ಅವನು ಶಿಕ್ಷಕನಲ್ಲ, ಅನುಕೂಲಸ್ಥರ ಮನೆಯ ಒಬ್ಬ ದಾಸ. ಮನೆಯ ಹುಡುಗನನ್ನು ಬೆಳಿಗ್ಗೆ ಶಾಲೆಗೆ ಕರೆದುಕೊಂಡು ಹೋಗುವುದು, ಅವನ ಸಾಮಾನು ಹೊರುವುದು, ದಾರಿಯಲ್ಲಿ ಕೆಟ್ಟವರ ಸಹವಾಸಕ್ಕೆ ಬೀಳದಂತೆ ನೋಡಿಕೊಳ್ಳುವುದು, ನಡೆಯುವ ರೀತಿ, ಕೂರುವ ರೀತಿ, ತಿನ್ನುವ ರೀತಿ ತಪ್ಪಿದರೆ ಗದರುವುದು, ಬೇಕಾದರೆ ಹೊಡೆಯುವುದು ಅವನ ಕೆಲಸ. ಹಳೆಯ ಗ್ರೀಕ್ ಹೂಜಿಗಳ ಚಿತ್ರಗಳಲ್ಲಿ ಅವನು ಕೈಯಲ್ಲಿ ಕೋಲು ಹಿಡಿದು ಹುಡುಗನ ಹಿಂದೆ ನಿಂತಿರುವುದನ್ನು ಕಾಣಬಹುದು. ಆ ದಾಸನಿಲ್ಲದಿದ್ದರೆ ಹುಡುಗನಿಗೆ ಅಪಾಯವಿತ್ತು, ಆದ್ದರಿಂದ ಅವನು ಕೆಟ್ಟವನಲ್ಲ. ಆದರೆ ಹುಡುಗನು ಪ್ರಾಯಕ್ಕೆ ಬಂದ ದಿನ ಅವನ ಕೆಲಸ ಮುಗಿಯುತ್ತಿತ್ತು. ಪ್ರಾಯಕ್ಕೆ ಬಂದು, ಮನೆಯ ಹಕ್ಕುದಾರನಾಗಿ, ತಂದೆಯ ಪಕ್ಕದಲ್ಲಿ ಕುಳಿತುಕೊಳ್ಳಬೇಕಾದ ಮಗನು ಹಿಂದಿರುಗಿ ನೋಡುತ್ತಾ, ಕೋಲು ಹಿಡಿದವನ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟಲು ಹೆದರುತ್ತಿರುವ ದೃಶ್ಯವನ್ನು ಕಲ್ಪಿಸಿಕೊಳ್ಳಿರಿ. ಗಲಾತ್ಯದ ವಿಶ್ವಾಸಿಗಳು ಪೌಲನಿಗೆ ಹಾಗೆ ಕಂಡರು. ಅವರು ಮಕ್ಕಳಾಗಿದ್ದರು, ದೇವರು ತನ್ನ ಮಗನ ಆತ್ಮವನ್ನು ಅವರ ಹೃದಯಗಳಲ್ಲಿ ಇಟ್ಟು, ‘ಅಪ್ಪಾ, ತಂದೆಯೇ’ ಎಂದು ಕರೆಯುವ ಅಧಿಕಾರವನ್ನು ಕೊಟ್ಟಿದ್ದರು, ಅವರು ಮಾತ್ರ ಕೋಲನ್ನು ಹುಡುಕಿಕೊಂಡು ಹೊರಟಿದ್ದರು.

ಧರ್ಮಶಾಸ್ತ್ರಕ್ಕೆ ಇನ್ನೊಂದು ಕೆಲಸವೂ ಇದೆ. ಅದು ಪಾಪವನ್ನು ಪಾಪವೆಂದು ತೋರಿಸುತ್ತದೆ. ಆಜ್ಞೆಯು ಪರಿಶುದ್ಧವೂ ನ್ಯಾಯವೂ ಹಿತವೂ ಆದದ್ದೆಂದು ರೋಮಾಪುರ ಪತ್ರಿಕೆಯ ಏಳನೆಯ ಅಧ್ಯಾಯವು ಸ್ಪಷ್ಟವಾಗಿ ಹೇಳುತ್ತದೆ. ಆದರೆ ತೋರಿಸುವ ಶಕ್ತಿ ಬೇರೆ, ಗುಣಪಡಿಸುವ ಶಕ್ತಿ ಬೇರೆ. ಜ್ವರ ಎಷ್ಟಿದೆಯೆಂದು ಥರ್ಮಾಮೀಟರ್ ಹೇಳುತ್ತದೆ, ಅದನ್ನು ಎಷ್ಟು ಹೊತ್ತು ಬಾಯಲ್ಲಿಟ್ಟುಕೊಂಡರೂ ಜ್ವರ ಇಳಿಯುವುದಿಲ್ಲ.

ಗುಣಪಡಿಸುವುದು ಕೃಪೆ. ಹೊಸ ಒಡಂಬಡಿಕೆಯಲ್ಲಿ ಕೃಪೆ ಎಂದು ನಾವು ಓದುವ ಗ್ರೀಕ್ ಪದ ‘ಖಾರಿಸ್’. ಅದಕ್ಕೆ ದಯೆ, ಉಚಿತವಾದ ವರ, ಅದನ್ನು ಪಡೆದವನ ಕೃತಜ್ಞತೆ ಎಂಬ ಅರ್ಥಗಳೆಲ್ಲ ಇವೆ. ಪೌಲನು ಅದನ್ನು ಕೂಲಿಯ ಎದುರಿಗೆ ಇಟ್ಟು ವಿವರಿಸುತ್ತಾನೆ: ಕೆಲಸ ಮಾಡಿದವನಿಗೆ ಬರುವ ಕೂಲಿ ಸಲ್ಲತಕ್ಕದ್ದು, ಅದು ಕೃಪೆಯಲ್ಲ. ಕೂಲಿಗೆ ಒಂದು ಮಿತಿಯಿದೆ, ಒಂದು ಹಕ್ಕಿದೆ, ಒಂದು ಅಂಜಿಕೆಯೂ ಇದೆ, ಏಕೆಂದರೆ ನಾಳೆ ಕೆಲಸ ತಪ್ಪಿದರೆ ಕೂಲಿಯೂ ತಪ್ಪುತ್ತದೆ. ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯದಲ್ಲಿ, ಅಂದರೆ ದೃಷ್ಟಾಂತಕಥೆಯಲ್ಲಿ, ಬೆಳಗಿನಿಂದ ಬಿಸಿಲಿನಲ್ಲಿ ದುಡಿದವರು ಗೊಣಗಿದ್ದು ತಮಗೆ ಕಡಿಮೆ ಸಿಕ್ಕಿತೆಂದಲ್ಲ. ಒಪ್ಪಿಕೊಂಡ ಒಂದು ದಿನಾರಿ ಅವರಿಗೆ ಸಿಕ್ಕಿತ್ತು. ಒಂದೇ ಗಂಟೆ ದುಡಿದವರಿಗೂ ಅಷ್ಟೇ ಸಿಕ್ಕಿತಲ್ಲಾ ಎಂಬುದು ಅವರ ಸಂಕಟ. ಕೃಪೆಯು ಲೆಕ್ಕ ಇಟ್ಟವನಿಗೆ ಅನ್ಯಾಯದಂತೆ ಕಾಣುತ್ತದೆ ಎಂಬುದನ್ನು ಯೇಸು ಮುಚ್ಚಿಡಲಿಲ್ಲ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುವ ಹಿರಿಯ ಮಗನಲ್ಲಿ ಇದು ಇನ್ನೂ ಹತ್ತಿರದಿಂದ ಕಾಣುತ್ತದೆ. ಮನೆಬಿಟ್ಟು ಹೋಗಿ ಎಲ್ಲವನ್ನೂ ಕಳೆದುಕೊಂಡ ತಮ್ಮನು ಹಿಂದಿರುಗಿದ್ದಾನೆ, ಒಳಗೆ ವಾದ್ಯದ ಧ್ವನಿ ಕೇಳಿಸುತ್ತಿದೆ; ಹೊಲದಿಂದ ಬಂದ ಅಣ್ಣನು ಬಾಗಿಲ ಹೊರಗೇ ನಿಂತಿದ್ದಾನೆ. ತಂದೆ ಹೊರಗೆ ಬಂದು ಬೇಡಿಕೊಂಡಾಗ ಅವನ ಬಾಯಿಂದ ಬರುವ ಮೊದಲ ಮಾತು ಎಂಥದ್ದು! ಇಷ್ಟು ವರ್ಷ ನಿನಗೆ ದಾಸನಂತೆ ದುಡಿದಿದ್ದೇನೆ, ನಿನ್ನ ಒಂದು ಅಪ್ಪಣೆಯನ್ನೂ ಮೀರಿಲ್ಲ, ಆದರೂ ನನಗೆ ಒಂದು ಆಡಿನ ಮರಿಯನ್ನೂ ಕೊಟ್ಟಿಲ್ಲ. ಅವನು ಹೇಳಿದ್ದು ಸುಳ್ಳೆಂದು ತಂದೆ ಅನ್ನುವುದಿಲ್ಲ. ನಿಜವಾಗಿಯೂ ಅವನು ಯಾವ ಅಪ್ಪಣೆಯನ್ನೂ ಮೀರಿರಲಿಕ್ಕಿಲ್ಲ. ಆದರೆ ಇಷ್ಟು ವರ್ಷ ಮನೆಯಲ್ಲಿದ್ದೂ ಅವನು ಅಲ್ಲಿ ಮಗನಾಗಿ ಬಾಳಿರಲಿಲ್ಲ. ಬಾಳಿದ್ದರೆ ಮರಿಯ ಲೆಕ್ಕ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ನನ್ನದೆಲ್ಲ ನಿನ್ನದೇ ಎಂದು ತಂದೆ ಹೇಳುವ ಮಾತಿನಲ್ಲಿ ಎಷ್ಟು ನೋವಿದೆ! ನಿಯಮವಾದವು ವಿಧೇಯರ ರೋಗ. ಓಡಿಹೋದ ಮಗನಿಗೆ ತಾನು ದೂರದಲ್ಲಿರುವುದು ಗೊತ್ತಿರುತ್ತದೆ. ಮನೆಯೊಳಗೇ ಇದ್ದು ದೂರವಾದವನಿಗೆ ಅದು ಗೊತ್ತಾಗುವುದು ಕಷ್ಟ.

ಈ ರೋಗವು ಎರಡು ರೀತಿಯ ಫಲಗಳನ್ನು ಕೊಡುತ್ತದೆ, ಮನುಷ್ಯನ ಸ್ವಭಾವಕ್ಕೆ ತಕ್ಕಂತೆ. ಲೆಕ್ಕ ಸರಿಹೋಗುತ್ತಿದೆ ಎಂದುಕೊಂಡವನಲ್ಲಿ ಅದು ಹೆಮ್ಮೆಯಾಗುತ್ತದೆ: ದೇವಾಲಯದಲ್ಲಿ ನಿಂತು, ವಾರಕ್ಕೆ ಎರಡು ಸಾರಿ ಉಪವಾಸ ಮಾಡುತ್ತೇನೆ, ಎಲ್ಲಾ ಆದಾಯದಲ್ಲಿ ಹತ್ತರಲ್ಲೊಂದು ಕೊಡುತ್ತೇನೆ, ಈ ಸುಂಕದವನಂತೆ ನಾನಿಲ್ಲ ಎಂದು ಪ್ರಾರ್ಥಿಸಿದ ಫರಿಸಾಯನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವನು, ಹೀಗೆಯೇ ಇದ್ದನು. ಹೆಮ್ಮೆಯ ಜೊತೆಗೆ ಪ್ರಮಾಣದ ಅರಿವೂ ತಪ್ಪುತ್ತದೆ. ಪುದೀನ, ಸಬ್ಬಸಿಗೆ, ಜೀರಿಗೆಗಳಲ್ಲಿ ಹತ್ತರಲ್ಲೊಂದು ಪಾಲನ್ನು ಎಣಿಸಿಕೊಟ್ಟು, ನ್ಯಾಯವನ್ನೂ ಕರುಣೆಯನ್ನೂ ನಂಬಿಕೆಯನ್ನೂ ಬಿಟ್ಟವರನ್ನು ಯೇಸು ಖಂಡಿಸಿದನು; ‘ಕೊರ್ಬಾನ್’, ಅಂದರೆ ದೇವರಿಗೆ ಮೀಸಲು, ಎಂದು ಹೇಳಿಬಿಟ್ಟು ತಂದೆತಾಯಿಗಳಿಗೆ ಕೊಡಬೇಕಾದದ್ದನ್ನು ತಪ್ಪಿಸಿಕೊಳ್ಳುವ ಪದ್ಧತಿಯನ್ನು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಬಯಲಿಗೆಳೆದನು. ಎಣಿಸಬಹುದಾದ ನಿಯಮಗಳನ್ನು ಮನುಷ್ಯನು ಇಷ್ಟಪಡುತ್ತಾನೆ, ಏಕೆಂದರೆ ಅವು ಒಂದು ಕಡೆ ಮುಗಿಯುತ್ತವೆ. ಕರುಣೆ ಎಲ್ಲಿಯೂ ಮುಗಿಯುವುದಿಲ್ಲ.

ಲೆಕ್ಕ ಸರಿಹೋಗುತ್ತಿಲ್ಲ ಎಂದು ತಿಳಿದ ಪ್ರಾಮಾಣಿಕನಲ್ಲಿ ಅದೇ ಮನೋಭಾವ ಹತಾಶೆಯಾಗುತ್ತದೆ. 1505ರಲ್ಲಿ ಎರ್ಫುರ್ಟ್‌ನ ಅಗಸ್ಟೀನಿಯನ್ ಮಠವನ್ನು ಸೇರಿದ, ಮುಂದೆ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಉಪವಾಸ, ಜಾಗರಣೆ, ಪ್ರಾರ್ಥನೆಗಳಲ್ಲಿ ಏನನ್ನೂ ಕಡಿಮೆ ಮಾಡಲಿಲ್ಲ. ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಎದ್ದು ಹೋದ ಮೇಲೆ ಇನ್ನೊಂದು ಪಾಪ ನೆನಪಾಗಿ ಮತ್ತೆ ಕಳವಳಪಡುತ್ತಿದ್ದರು. ರೋಮಾಪುರ ಪತ್ರಿಕೆಯ ಮೊದಲ ಅಧ್ಯಾಯದಲ್ಲಿರುವ ‘ದೇವರ ನೀತಿ’ ಎಂಬ ಮಾತನ್ನೇ ತಾವು ದ್ವೇಷಿಸುತ್ತಿದ್ದುದಾಗಿ 1545ರಲ್ಲಿ, ತಮ್ಮ ಲ್ಯಾಟಿನ್ ಬರಹಗಳ ಮುನ್ನುಡಿಯಲ್ಲಿ, ಅವರು ಬರೆದರು. ಅದು ದೇವರು ಪಾಪಿಯನ್ನು ದಂಡಿಸುವ ನೀತಿಯೆಂದು ಅವರು ತಿಳಿದಿದ್ದರು. ಅದು ದೇವರು ನಂಬಿಕೆಯ ಮೂಲಕ ಪಾಪಿಗೆ ದಯಪಾಲಿಸುವ ನೀತಿ ಎಂದು ಹೊಳೆದಾಗ, ತೆರೆದ ಬಾಗಿಲುಗಳಿಂದ ಪರದೈಸಿನೊಳಗೆ (ಸ್ವರ್ಗದೊಳಗೆ) ಹೋದಂತಾಯಿತೆಂದು ಅದೇ ಮುನ್ನುಡಿಯಲ್ಲಿ ನೆನೆದಿದ್ದಾರೆ.

ಲೂಥರ್‌ಗಿಂತ ಸಾವಿರ ವರ್ಷ ಹಿಂದೆಯೂ ಈ ವಾದ ನಡೆದಿತ್ತು. ಮನುಷ್ಯನು ತನ್ನ ಇಚ್ಛಾಶಕ್ತಿಯಿಂದ ಆಜ್ಞೆಗಳನ್ನು ಪಾಲಿಸಬಲ್ಲನು, ಇಲ್ಲದಿದ್ದರೆ ದೇವರು ಆಜ್ಞಾಪಿಸುತ್ತಿರಲಿಲ್ಲ ಎಂದು ಪೆಲಾಗಿಯಸ್ ಎಂಬ ಕ್ರೈಸ್ತ ಬೋಧಕನು ಬೋಧಿಸಿದನು. ನೀನು ಆಜ್ಞಾಪಿಸುವುದನ್ನು ನೀನೇ ಅನುಗ್ರಹಿಸು, ಆಮೇಲೆ ನಿನ್ನ ಇಷ್ಟದಂತೆ ಆಜ್ಞಾಪಿಸು ಎಂಬ, ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನ ಪ್ರಾರ್ಥನೆಯನ್ನು ಪೆಲಾಗಿಯಸ್‌ಗೆ ಸಹಿಸಲಾಗಲಿಲ್ಲ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಮ್ಮೇಳನವೂ 529ರಲ್ಲಿ ಆರೆಂಜಿನಲ್ಲಿ ಸೇರಿದ ಸಮ್ಮೇಳನವೂ ಕೃಪೆಯ ಪಕ್ಷದಲ್ಲಿ ನಿಂತವು. ಹದಿನಾರನೆಯ ಶತಮಾನದಲ್ಲಿ ಸಭೆ ಒಡೆದಾಗಲೂ, ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ಮನುಷ್ಯನು ನೀತಿವಂತನಾಗಬಲ್ಲನು ಎಂಬುದನ್ನು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಸ್ಪಷ್ಟವಾಗಿ ತಿರಸ್ಕರಿಸಿತು; ನಂಬಿಕೆ ಒಂದೇ ಸಾಕೇ, ಪುಣ್ಯಕ್ಕೆ ಯಾವ ಸ್ಥಾನವಿದೆ ಎಂಬಲ್ಲಿ ಭಿನ್ನಾಭಿಪ್ರಾಯ ಉಳಿಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ನೀತಿನಿರ್ಣಯದ (ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವ ಬಗೆಯ) ಕುರಿತಾದ ಜಂಟಿ ಘೋಷಣೆಗೆ ಸಹಿಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದಲೇ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿಟ್ಟ ನಂಬಿಕೆಯಿಂದ ನಾವು ದೇವರಿಗೆ ಅಂಗೀಕಾರವಾಗುತ್ತೇವೆ ಎಂದು ಒಟ್ಟಾಗಿ ಹೇಳಿದವು. ಉಳಿದ ಭೇದಗಳು ಸಣ್ಣವಲ್ಲ, ಆದರೆ ಈ ಒಪ್ಪಿಗೆಯೂ ಸಣ್ಣದಲ್ಲ.

ಇಷ್ಟು ಹೇಳಿದ ಕೂಡಲೇ ಏಳುವ ಆಕ್ಷೇಪವೊಂದಿದೆ, ಮತ್ತು ಅದು ಏಳದಿದ್ದರೆ ಕೃಪೆಯನ್ನು ನಾವು ಪೂರ್ತಿಯಾಗಿ ಹೇಳಿಲ್ಲವೆಂದೇ ತಿಳಿಯಬೇಕು: ಎಲ್ಲವೂ ಉಚಿತವಾದರೆ ಮನಬಂದಂತೆ ಬದುಕಬಹುದಲ್ಲ? ಕೃಪೆ ಹೆಚ್ಚಲೆಂದು ಪಾಪದಲ್ಲೇ ಇರೋಣವೇ ಎಂದು ರೋಮಾಪುರ ಪತ್ರಿಕೆಯ ಆರನೆಯ ಅಧ್ಯಾಯದ ಆರಂಭದಲ್ಲಿ ಪೌಲನೇ ಕೇಳಿ, ಎಂದಿಗೂ ಇಲ್ಲ ಎನ್ನುತ್ತಾನೆ. ಅವನು ಕೊಡುವ ಕಾರಣವನ್ನು ಗಮನಿಸಬೇಕು. ಪಾಪಮಾಡಿದರೆ ನಿಮ್ಮ ಸ್ಥಾನ ಹೋದೀತು ಎಂದು ಅವನು ಹೆದರಿಸುವುದಿಲ್ಲ; ಹಾಗೆ ಹೆದರಿಸಿದ್ದರೆ ಹೊರಗೆ ಹಾಕಿದ ನಿಯಮವಾದವನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟಂತಾಗುತ್ತಿತ್ತು. ನೀವು ಪಾಪದ ಪಾಲಿಗೆ ಸತ್ತಿದ್ದೀರಿ, ಕ್ರಿಸ್ತನೊಡನೆ ಎದ್ದಿದ್ದೀರಿ, ಸತ್ತವರು ಅದರಲ್ಲಿ ಇನ್ನು ಬದುಕುವುದು ಹೇಗೆ ಎಂದು ಕೇಳುತ್ತಾನೆ. ಬಿಡುಗಡೆಯಾದ ದಾಸನು ಹಳೆಯ ಯಜಮಾನನ ಮನೆಗೆ ಕೆಲಸಕ್ಕೆ ಹೋದರೆ ಅದನ್ನು ಸ್ವಾತಂತ್ರ್ಯದ ಉಪಯೋಗವೆಂದು ಯಾರೂ ಕರೆಯುವುದಿಲ್ಲ. ಕ್ರೈಸ್ತನಿಗೆ ಧರ್ಮಶಾಸ್ತ್ರದ ಬೋಧನೆಯೇ ಬೇಡವೆಂದು ವಾದಿಸಿದ ಯೋಹಾನ್ ಅಗ್ರಿಕೋಲನನ್ನು, ಕೃಪೆಯ ಮಹಾ ಬೋಧಕರಾದ ಲೂಥರ್ ಅವರೇ 1530ರ ದಶಕದ ಕೊನೆಯಲ್ಲಿ ಬಲವಾಗಿ ವಿರೋಧಿಸಿದರು.

ಗಲಾತ್ಯ ಪತ್ರಿಕೆಯ ಐದನೆಯ ಅಧ್ಯಾಯವು ಸ್ವಾತಂತ್ರ್ಯದಲ್ಲಿ ಸ್ಥಿರವಾಗಿ ನಿಲ್ಲಿರಿ, ದಾಸತ್ವದ ನೊಗಕ್ಕೆ ಮತ್ತೆ ಕುತ್ತಿಗೆ ಕೊಡಬೇಡಿರಿ ಎಂದು ಆರಂಭವಾಗಿ, ಹದಿಮೂರನೆಯ ವಚನದಲ್ಲಿ, ಪ್ರೀತಿಯಿಂದ ಒಬ್ಬರಿಗೊಬ್ಬರು ದಾಸರಾಗಿರಿ ಎಂಬ ಮಾತಿಗೆ ಬಂದು ನಿಲ್ಲುತ್ತದೆ. ದಾಸತ್ವ ಬೇಡವೆಂದವನೇ ದಾಸರಾಗಿರಿ ಎನ್ನುತ್ತಿದ್ದಾನೆ. ಇಲ್ಲಿ ವಿರೋಧವಿಲ್ಲ. ತನ್ನ ರಕ್ಷಣೆಗಾಗಿ ನೆರೆಯವನಿಗೆ ಒಳ್ಳೆಯದು ಮಾಡುವವನಿಗೆ ನೆರೆಯವನು ಒಂದು ಮೆಟ್ಟಿಲು. ರಕ್ಷಣೆಯ ಚಿಂತೆ ಮುಗಿದವನು ಮಾತ್ರ ನೆರೆಯವನನ್ನು ನೆರೆಯವನಾಗಿಯೇ ನೋಡಬಲ್ಲನು. ಕ್ರೈಸ್ತನು ಯಾರಿಗೂ ಅಧೀನನಲ್ಲದ ಒಡೆಯನೂ ಹೌದು, ಎಲ್ಲರಿಗೂ ಅಧೀನನಾದ ಸೇವಕನೂ ಹೌದು ಎಂದು ಲೂಥರ್ 1520ರಲ್ಲಿ ಬರೆದದ್ದು ಇದನ್ನೇ. ಮುಂದೆ ಪೌಲನು ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಮೊದಲಾದ ಒಂಬತ್ತನ್ನು ಹೆಸರಿಸುವಾಗ ಅವುಗಳನ್ನು ಪವಿತ್ರಾತ್ಮನ ‘ಫಲ’ ಎನ್ನುತ್ತಾನೆ, ಏಕವಚನದಲ್ಲಿ. ಮರಕ್ಕೆ ಹಣ್ಣನ್ನು ದಾರದಿಂದ ಕಟ್ಟಿದರೆ ಅದು ಕೊಳೆಯುತ್ತದೆ. ಬೇರಿನಿಂದ ಬಂದದ್ದು ಮಾಗುತ್ತದೆ.

ಸ್ವಾತಂತ್ರ್ಯವು ನಿತ್ಯದ ಬದುಕಿನಲ್ಲಿ ಹೇಗಿರುತ್ತದೆ ಎಂಬುದಕ್ಕೆ ಪೌಲನ ನಡತೆಯಲ್ಲೇ ಒಂದು ಒಗಟಿನಂಥ ಜೋಡಿಯಿದೆ. ಗ್ರೀಕನಾದ ತೀತನನ್ನು ಅವನು ಯೆರೂಸಲೇಮಿಗೆ ಕರೆದೊಯ್ದಾಗ, ಇವನಿಗೆ ಸುನ್ನತಿಯಾಗಬೇಕೆಂಬ ಒತ್ತಾಯಕ್ಕೆ ಅವನು ಒಂದು ಗಳಿಗೆಯೂ ಮಣಿಯಲಿಲ್ಲ. ಲುಸ್ತ್ರ ಎಂಬ ಊರಿನಲ್ಲಿ ಸಿಕ್ಕಿದ ತಿಮೊಥೆ ಎಂಬ ಶಿಷ್ಯನಿಗೆ, ಆ ಪ್ರಾಂತದ ಯೆಹೂದ್ಯರ ನಿಮಿತ್ತವಾಗಿ, ತಾನೇ ಸುನ್ನತಿ ಮಾಡಿಸಿದನು. ತಿಮೊಥೆಯ ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಹೊರಗಿನ ಕ್ರಿಯೆ ಎರಡೂ ಕಡೆ ಒಂದೇ. ತೀತನ ವಿಷಯದಲ್ಲಿ ಅದು ರಕ್ಷಣೆಗೆ ಷರತ್ತಾಗಿ ಬಂದಿತ್ತು, ಆದ್ದರಿಂದ ಒಪ್ಪುವುದೆಂದರೆ ಕ್ರಿಸ್ತನು ಸಾಲದೆಂದು ಒಪ್ಪಿದಂತೆ. ತಿಮೊಥೆಯ ವಿಷಯದಲ್ಲಿ ಅದು ಬೇರೆಯವರ ಮನೆಬಾಗಿಲಿಗೆ ಹೋಗಲು ಇದ್ದ ಅಡ್ಡಿಯನ್ನು ತೆಗೆಯುವ ಪ್ರೀತಿಯಾಗಿತ್ತು. ಮಾಡುವುದಕ್ಕೂ ಬಿಡುವುದಕ್ಕೂ ಸಮಾನವಾಗಿ ಶಕ್ತನಾಗಿರುವವನೇ ಸ್ವತಂತ್ರನು. ನಿಯಮವನ್ನು ಮುರಿದು ತೋರಿಸದ ಹೊರತು ತಾನು ಸ್ವತಂತ್ರನೆಂದು ಅನ್ನಿಸದವನು ಇನ್ನೂ ಅದರ ಹಿಡಿತದಲ್ಲೇ ಇದ್ದಾನೆ.

ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂದು ಕೊರಿಂಥದ ಸಭೆಯಲ್ಲಿ ಎದ್ದ ಪ್ರಶ್ನೆಯೂ ಇದೇ ಅಚ್ಚಿನದು. ಪೇಟೆಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ತಿನ್ನಿರಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು ಎಂದು ಪೌಲನು ಬರೆಯುತ್ತಾನೆ. ಯಾರಾದರೂ ಮನೆಗೆ ಊಟಕ್ಕೆ ಕರೆದರೂ ಬಡಿಸಿದ್ದನ್ನು ತಿನ್ನಿರಿ. ಆದರೆ ಅಲ್ಲಿ ಒಬ್ಬನು, ಇದು ವಿಗ್ರಹಕ್ಕೆ ಅರ್ಪಿಸಿದ್ದು ಎಂದು ಹೇಳಿದರೆ ತಿನ್ನಬೇಡಿರಿ. ನಿಮ್ಮ ಮನಸ್ಸಾಕ್ಷಿಗಾಗಿ ಅಲ್ಲ, ಅವನ ಮನಸ್ಸಾಕ್ಷಿಗಾಗಿ. ಆ ತುತ್ತು ಬದಲಾಗಿಲ್ಲ. ಪಕ್ಕದಲ್ಲಿ ಕುಳಿತವನು ಬದಲಾಗಿದ್ದಾನೆ. ರೋಮಾಪುರ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ, ಎಲ್ಲವನ್ನೂ ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪುಮಾಡಬಾರದು ಎಂಬ ಎರಡೂ ಎಚ್ಚರಿಕೆಗಳಿವೆ. ಮೊದಲನೆಯದು ಸ್ವತಂತ್ರರೆನಿಸಿಕೊಂಡವರಿಗೆ ಎಂಬುದನ್ನು ನಾವು ಬೇಗ ಮರೆಯುತ್ತೇವೆ.

ಕೊನೆಯದಾಗಿ, ಬೆಳಗಿನ ಪ್ರಾರ್ಥನೆ ತಪ್ಪಿದ ದಿನ ಮಧ್ಯಾಹ್ನ ಬಸ್ಸು ತಪ್ಪಿದರೂ, ಮಗುವಿಗೆ ಜ್ವರ ಬಂದರೂ, ದೇವರು ಸಿಟ್ಟಾಗಿದ್ದಾರೆ ಎಂದು ಒಳಗೊಳಗೇ ನಡುಗುವ ವಿಶ್ವಾಸಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ನಾನೂ ಬಹಳ ಕಾಲ ಹಾಗೆ ಬದುಕಿದವನು. ಅಂಥವನಿಗೆ ಪ್ರಾರ್ಥನೆಯನ್ನು ಬಿಡು ಎಂದು ಹೇಳುವುದರಿಂದ ಪ್ರಯೋಜನವಿಲ್ಲ. ಬಿಟ್ಟರೆ ನಡುಕ ಹೆಚ್ಚಾಗುತ್ತದೆ. ತಪ್ಪಿದ ಮರುಗಳಿಗೆಯಲ್ಲೇ, ಏನನ್ನೂ ಸರಿಮಾಡಿಕೊಳ್ಳದೆ, ಇದ್ದ ಹಾಗೆಯೇ ತಂದೆಯ ಮುಂದೆ ಹೋಗುವ ಧೈರ್ಯವನ್ನು ಅವನು ಕಲಿಯಬೇಕು. ಈಗ ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧ ನಿರ್ಣಯವೇ ಇಲ್ಲ ಎಂಬ ವಾಕ್ಯದಲ್ಲಿ ‘ಈಗ’ ಎಂಬ ಪದವಿದೆ, ಲೆಕ್ಕ ಸರಿಯಾದ ಮೇಲೆ ಎಂದಿಲ್ಲ. ಹೀಗೆ ಹೋಗುವುದು ಅಭ್ಯಾಸವಾಗಲು ವರ್ಷಗಳೇ ಹಿಡಿಯಬಹುದು. ಕೋಲಿನ ನೆನಪು ಬೆನ್ನಿನಿಂದ ಬೇಗ ಹೋಗುವುದಿಲ್ಲ.

ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಮುಗಿಸುವ ಮೊದಲು ಪೌಲನು ತನ್ನ ಕೈಯಿಂದಲೇ, ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ ನೋಡಿರಿ ಎನ್ನುತ್ತಾನೆ. ಸುನ್ನತಿಯಾದರೂ ಏನೂ ಇಲ್ಲ, ಆಗದಿದ್ದರೂ ಏನೂ ಇಲ್ಲ, ಹೊಸ ಸೃಷ್ಟಿಯಾಗುವುದೇ ಮುಖ್ಯ ಎಂದು ಬರೆದು, ಕರ್ತನ ಕೃಪೆಯು ನಿಮ್ಮ ಆತ್ಮದೊಂದಿಗೆ ಇರಲಿ ಎಂದು ಹರಸುತ್ತಾನೆ. ಸ್ತೋತ್ರವಿಲ್ಲದೆ ಆರಂಭವಾದ, ಬುದ್ಧಿಯಿಲ್ಲದವರೇ ಎಂದು ಮಧ್ಯದಲ್ಲಿ ಗದರಿದ ಈ ಪತ್ರಿಕೆಯ ಗ್ರೀಕ್ ಮೂಲದಲ್ಲಿ, ಆಮೆನ್ ಎನ್ನುವುದಕ್ಕೆ ಮೊದಲು ಬರುವ ಕಟ್ಟಕಡೆಯ ಪದ ‘ಸಹೋದರರೇ’.